ಎರಡು ಸಲ ಧಾರವಾಡಕ್ಕೆ

ನಮ್ಮ ಕಡೆ ಧಾರವಾಡ ಎಂಬ ಊರಿನ ಹೆಸರಿಗೆ ಎರಡು ಅರ್ಥಗಳಿವೆ. ಅಂಕೋಲಾದಲ್ಲೋ ಕುಮಟಾದಲ್ಲೋ ಒಂದು ಮನೆಯವರು "ಮಗಳು ಧಾರವಾಡಕ್ಕೆ ಹೋಗಿದ್ದಾಳೆ" ಎಂದು ತಲೆಯೆತ್ತಿ ಹೇಳಿದರೆ, ಅವಳು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಓದಲಿಕ್ಕೋ ಕ್ರೀಡಾಕೂಟಕ್ಕೋ ಹೋಗಿದ್ದಾಳೆ ಎಂದು ಕೇಳಿದವರಿಗೆ ತಿಳಿಯುತ್ತದೆ. ಅದೇ ಹೆಸರನ್ನು ದನಿ ತಗ್ಗಿಸಿ, "ಅವನನ್ನ ಧಾರವಾಡಕ್ಕೇ ಕಳಿಸಬೇಕು" ಎಂದರೆ ಅದು ಅಲ್ಲಿನ ಮಾನಸಿಕ ಆಸ್ಪತ್ರೆ. ಆಸ್ಪತ್ರೆ ಆರಂಭವಾದದ್ದು 1845ರಲ್ಲಿ, ವಿಶ್ವವಿದ್ಯಾಲಯ 1949ರಲ್ಲಿ. ಹಾಗಾಗಿ ತಗ್ಗಿದ ದನಿಯ ಧಾರವಾಡವೇ ಹೆಮ್ಮೆಯ ಧಾರವಾಡಕ್ಕಿಂತ ನೂರು ವರ್ಷ ಹಿರಿಯದು. ಪದವಿ ಓದುತ್ತಿದ್ದ ಮೂರು ವರ್ಷಗಳಲ್ಲಿ ನಾನು ಎರಡನ್ನೂ ನೋಡಿ ಬಂದೆ. ಮೊದಲನೆಯದರ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ನಮ್ಮ ಮನೆಯ ಜಗುಲಿಯಲ್ಲಿ ತೂಗುಹಾಕಿದ್ದಾರೆ. ಎರಡನೆಯದರ ಚೀಟಿಯನ್ನು ಆಯಿ ಅಕ್ಕಿ ಡಬ್ಬಿಯ ತಳದಲ್ಲಿ ಇಟ್ಟಿದ್ದಳು.

ನಾನು 800 ಮೀಟರ್ ಓಡುತ್ತಿದ್ದೆ. ನಮ್ಮ ಊರು ಗಂಗಾವಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಅಲ್ಲಿ ಟ್ರ್ಯಾಕ್ ಎಂಬುದಿರಲಿಲ್ಲ, ಇದ್ದದ್ದು ದಂಡೆ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದ ಮೇಲೆ ಉಳಿಯುವ ಹಸಿ ಮರಳು ಗಟ್ಟಿಯಾಗಿರುತ್ತದೆ, ಕಾಲು ಹೂಳುವುದಿಲ್ಲ. ಆದ್ದರಿಂದ ನನ್ನ ಪ್ರಾಕ್ಟೀಸಿನ ವೇಳಾಪಟ್ಟಿಯನ್ನು ಯಾವ ಕೋಚೂ ಬರೆದವರಲ್ಲ, ಭರತ ಇಳಿತಗಳೇ ಬರೆದವು. 2012ರಲ್ಲಿ, ಬಿ.ಎ. ಮೊದಲ ವರ್ಷದಲ್ಲಿ, ಧಾರವಾಡದ ಅಂತರ ಕಾಲೇಜು ಕೂಟದಲ್ಲಿ 2 ನಿಮಿಷ 24 ಸೆಕೆಂಡಿನಲ್ಲಿ ಓಟ ಮುಗಿಸಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ಬ್ಲೂ' ಆದೆ. ಹೆದ್ದಾರಿ ಪಕ್ಕದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಅಪ್ಪ ಪತ್ರಿಕೆಯಲ್ಲಿ ಬಂದ ನನ್ನ ಫೋಟೊ ಕತ್ತರಿಸಿ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದ. ಅಂಗಡಿಗೆ ಬಂದವರೆಲ್ಲ, ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸಿನಲ್ಲೋ ನೌಕರಿ ಗಟ್ಟಿ ಎಂದು ಹೇಳಿ ಹೋಗುತ್ತಿದ್ದರು. ಸಾಲದಲ್ಲಿದ್ದ ಮನೆಗೆ ಆ ಮಾತು ಎಷ್ಟು ದೊಡ್ಡದು ಎಂದು ನನಗೆ ಗೊತ್ತಿತ್ತು. ಆಮೇಲೆ ನಾನು ಓಡಿದ್ದೆಲ್ಲ ಆ ಮಾತನ್ನು ಹೊತ್ತುಕೊಂಡೇ.

ಎರಡನೆಯ ವರ್ಷದ ಮಳೆಗಾಲದಲ್ಲಿ ಅದು ಶುರುವಾಯಿತು. 'ಅದು' ಎನ್ನುತ್ತಿದ್ದೇನೆ, ಏಕೆಂದರೆ ಆಗ ನನ್ನ ಬಳಿ ಬೇರೆ ಹೆಸರಿರಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು, ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಆಷಾಢದ ಸಮುದ್ರದ ಮೊರೆತ ಹುಟ್ಟಿದಾಗಿನಿಂದ ಕೇಳಿದ್ದೇ ಆದರೂ ಆ ವರ್ಷ ಅದು ಎದೆಯ ಒಳಗಿನಿಂದ ಬರುತ್ತಿದೆ ಅನ್ನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆಯನ್ನು ಮಾತ್ರ ಇವತ್ತಿಗೂ ಹಾಗೆಯೇ ಕಾಣಬಲ್ಲೆ: ಕಾಲೇಜಿನ ಮೈದಾನದ ಕಟ್ಟೆಯ ಮೇಲೆ ಕುಳಿತು ಸ್ಪೈಕ್ಸ್ ಕಟ್ಟಿಕೊಳ್ಳುತ್ತಿದ್ದೇನೆ. ಬಲಗಾಲಿನ ಲೇಸಿನ ಒಂದು ತುದಿ ಬೆರಳಲ್ಲಿದೆ, ಇನ್ನೊಂದು ತುದಿ ಕೆಳಗೆ ಒದ್ದೆ ಹುಲ್ಲಿನ ಮೇಲಿದೆ. ಬಗ್ಗಿ ಅದನ್ನು ಎತ್ತಿಕೊಳ್ಳಬೇಕು. ಅಷ್ಟೇ ಕೆಲಸ. ಉಳಿದ ಹುಡುಗಿಯರು ಎರಡು ಸುತ್ತು ವಾರ್ಮ್ ಅಪ್ ಮುಗಿಸಿ ಬರುವವರೆಗೂ ನಾನು ಆ ತುದಿಯನ್ನೇ ನೋಡುತ್ತ ಕುಳಿತಿದ್ದೆ. ಕೈಗೆ ನೋವಿರಲಿಲ್ಲ, ಸೊಂಟಕ್ಕೆ ನೋವಿರಲಿಲ್ಲ. ಬಗ್ಗುವುದಕ್ಕೆ ಬೇಕಾದ ಏನೋ ಒಂದು ಒಳಗೆ ಇರಲಿಲ್ಲ. ಗೆಳತಿಯೊಬ್ಬಳು ಬಂದು "ಎಂತಾ ಆಯ್ತೆ ನಿಂಗೆ?" ಎಂದಳು. "ಎಂತಾ ಇಲ್ಲ, ಬೇಜಾರು" ಎಂದೆ. ಅವಳೇ ಬಗ್ಗಿ ಲೇಸು ಕಟ್ಟಿದಳು.

ಈ ಬೇಜಾರು ಎಂಬ ಶಬ್ದದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮೀನು ಸಿಗದಿದ್ದರೂ ಬೇಜಾರು, ಬಸ್ಸು ತಪ್ಪಿದರೂ ಬೇಜಾರು, ಅಜ್ಜಿ ತೀರಿಕೊಂಡಾಗಲೂ ಬೇಜಾರು. 'ಖಿನ್ನತೆ' ಎನ್ನುವುದು ಪತ್ರಿಕೆಯ ಪುರವಣಿಯಲ್ಲಿ ಕಾಣುವ ಶಬ್ದ. ಅದನ್ನು ಬಾಯಿಬಿಟ್ಟು ಆಡಿದವರನ್ನು ನಾನು ಆವರೆಗೆ ಕಂಡಿರಲಿಲ್ಲ. ಬೇಜಾರಿಗೂ ಹುಚ್ಚಿಗೂ ನಡುವೆ ನಮ್ಮ ಆಡುಮಾತಿನಲ್ಲಿ ಇನ್ನೊಂದು ಮೆಟ್ಟಿಲೇ ಇರಲಿಲ್ಲ. ಬೇಜಾರಾದರೆ ದೇವಸ್ಥಾನಕ್ಕೆ ಹೋಗಿ ಬರಬೇಕು, ಹುಚ್ಚಾದರೆ ಧಾರವಾಡಕ್ಕೆ ಹೋಗಬೇಕು. ನಡುವೆ ಸಿಕ್ಕಿಕೊಂಡವರು ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಓಡುವವರಿಗೆ, ಆಡುವವರಿಗೆ ಇದರ ಮೇಲೆ ಇನ್ನೊಂದು ಕಷ್ಟವಿದೆ. ನೋವನ್ನು ಮುಚ್ಚಿಡುವುದನ್ನು ನಮಗೆ ಕಲಿಸಿಯೇ ಇರುತ್ತಾರೆ. 800 ಮೀಟರಿನಲ್ಲಿ ಎರಡನೆಯ ಸುತ್ತಿನ ನಡುವೆ ಕಾಲು ಸೀಸದಂತೆ ಭಾರವಾಗುತ್ತದೆ; ಆಗ ಮುಖ ಕಿವುಚಿದರೆ ಪಕ್ಕದಲ್ಲಿ ಓಡುತ್ತಿರುವವಳಿಗೆ ಗುಟ್ಟು ಸಿಕ್ಕಂತೆ, ಅವಳು ಅಲ್ಲಿಯೇ ನುಗ್ಗುತ್ತಾಳೆ. ಹಾಗಾಗಿ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳುವುದು ಈ ಆಟದ ಮೊದಲ ಪಾಠ, ಮತ್ತು ಅದು ಸರಿಯಾದ ಪಾಠವೇ. ಆದರೆ ಅದನ್ನು ಮೈದಾನದ ಹೊರಗೆ ಬಿಟ್ಟುಬಿಡುವುದನ್ನು ಯಾರೂ ಕಲಿಸುವುದಿಲ್ಲ. ನಾಲ್ಕು ತಿಂಗಳು ನಾನು ಮನೆಯಲ್ಲಿ, ಕ್ಲಾಸಿನಲ್ಲಿ, ಬಸ್ಸಿನಲ್ಲಿ ಎರಡನೆಯ ಸುತ್ತಿನ ಮುಖವನ್ನೇ ಇಟ್ಟುಕೊಂಡಿದ್ದೆ. ಜೊತೆಗೆ, ಗಟ್ಟಿ ಮೈಯೇ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. "ಇಷ್ಟು ಓಡುವ ಹುಡುಗಿಗೆ ಎಂತಾ ರೋಗ?" ಎಂದು ಚಿಕ್ಕಮ್ಮ ಕೇಳಿದಾಗ ಅವಳಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ. ವ್ಯಾಯಾಮ ಮಾಡಿದರೆ ಮನಸ್ಸು ಹಗುರವಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ದೇಹಕ್ಕೆ ಬೇಕಾದಷ್ಟು ತಿನ್ನದೆ, ನಿದ್ದೆ ಮಾಡದೆ, ಸೆಕೆಂಡುಗಳ ಲೆಕ್ಕದಲ್ಲಿ ಓಡುತ್ತಲೇ ಹೋದರೆ ಅದೇ ವ್ಯಾಯಾಮ ಮನಸ್ಸನ್ನು ಕೊರೆಯುತ್ತದೆ. ಹಗುರವಾಗಿದ್ದರೆ ವೇಗ ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಾನು ರಾತ್ರಿಯ ಊಟ ಬಿಟ್ಟಿದ್ದೆ. ಐದು ತಿಂಗಳು ಮುಟ್ಟು ನಿಂತಿತ್ತು. ಪ್ರಾಕ್ಟೀಸಿಗೆ ಅನುಕೂಲವಾಯಿತೆಂದು ಸುಮ್ಮನಿದ್ದೆ. ಮುಂದೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಎಂ.ಪಿ.ಎಡ್. ಓದುವಾಗಲೇ ನನಗೆ ತಿಳಿದದ್ದು, ಇದಕ್ಕೆ ವೈದ್ಯರು ಇಟ್ಟ ಹೆಸರಿದೆ ಎಂದು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದನ್ನು ರೆಡ್-ಎಸ್ ಎಂದು ಕರೆದರು: ಸುಡುವಷ್ಟು ಶಕ್ತಿ ಒಳಗೆ ಹೋಗದಿದ್ದಾಗ ಮೂಳೆ, ಮುಟ್ಟು, ಹೃದಯ, ಮನಸ್ಸು ಎಲ್ಲವೂ ಒಟ್ಟಿಗೆ ಸೊರಗುವ ಸ್ಥಿತಿ. ಮೈದಾನದಲ್ಲಿ ನನ್ನ ಸಮಯವನ್ನು ಸೆಕೆಂಡಿನ ನೂರನೇ ಭಾಗದವರೆಗೆ ಬರೆದಿಡುತ್ತಿದ್ದ ಯಾರೂ ಊಟ ಮಾಡಿದೆಯಾ, ಮುಟ್ಟಾದೆಯಾ ಎಂದು ಕೇಳಿರಲಿಲ್ಲ. ಕೇಳಬೇಕಾದದ್ದು ಎಂದು ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ಆ ವರ್ಷ ಕಾರವಾರದ ಮಾಲಾದೇವಿ ಮೈದಾನದಲ್ಲಿ ಒಂದು ಕೂಟ. ಮೊದಲ ಸುತ್ತನ್ನು ಎಲ್ಲರಿಗಿಂತ ಮುಂದೆ ಮುಗಿಸಿದೆ. 500 ಮೀಟರ್ ದಾಟಿರಬೇಕು, ಸುಣ್ಣದ ಗೆರೆ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು, ಉಸಿರು ಸರಿಯಾಗಿಯೇ ಇತ್ತು, ಮತ್ತು ನಾನು ಓಡುವುದನ್ನು ನಿಲ್ಲಿಸಿದೆ. ಬೀಳಲಿಲ್ಲ, ಎಡವಲಿಲ್ಲ. ಗೆರೆಯಿಂದ ಹೊರಗೆ ಬಂದು ನಡೆಯತೊಡಗಿದೆ. ಬಿದ್ದಿದ್ದರೆ ಎಲ್ಲರೂ ಓಡಿ ಬರುತ್ತಿದ್ದರು, ಸ್ಪ್ರೇ ಹೊಡೆಯುತ್ತಿದ್ದರು, ನೀರು ಕೊಡುತ್ತಿದ್ದರು. ನಡೆದುಕೊಂಡು ಬಂದವಳ ಹತ್ತಿರ ಯಾರೂ ಬರಲಿಲ್ಲ. ಸಂಜೆ ತಂಡದ ಹುಡುಗಿಯರು ನನಗೆ ಕೇಳುವಂತೆಯೇ 'ನಾಟಕ' ಎಂದರು. ತರಬೇತಿ ಕೊಡುತ್ತಿದ್ದ ಸರ್ ಕೆಟ್ಟವರಲ್ಲ. ತಮ್ಮ ಕೈಯಿಂದ ದುಡ್ಡು ಹಾಕಿ ನನಗೆ ಶೂ ಕೊಡಿಸಿದವರು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಮನಸ್ಸು ಗಟ್ಟಿ ಮಾಡ್ಕೊ ತಂಗಿ" ಎಂದರು. ನನ್ನ ಕೈಯಲ್ಲಿ ಆಗದೆ ಹೋದದ್ದು ಅದೊಂದೇ ಆಗಿತ್ತು.

ಆಯಿ ದೃಷ್ಟಿ ತೆಗೆದಳು. ಪತ್ರಿಕೆಯಲ್ಲಿ ಫೋಟೊ ಬಂದದ್ದರಿಂದಲೇ ಹೀಗಾಯಿತೆಂದು ಅಪ್ಪನಿಗೆ ಹೇಳಿ ಗೋಡೆಯ ಫೋಟೊ ತೆಗೆಸಿದಳು. ಊರ ದೇವರಲ್ಲಿ ಹೂವಿನ ಪ್ರಸಾದ ಕೇಳಿಸಿದರು. ಇದನ್ನು ಓದುವ ಕೆಲವರು ಇಲ್ಲಿ ಮೂಢನಂಬಿಕೆಯ ಕತೆ ಬರುತ್ತದೆಂದು ಕಾಯುತ್ತಿರಬಹುದು. ನನ್ನ ಅನುಭವ ಹಾಗಿಲ್ಲ. ಬಲಗಡೆಯ ಹೂವು ಬಿದ್ದ ಮೇಲೆ ಪೂಜೆ ಮಾಡುವ ಅಜ್ಜ ಅಪ್ಪನನ್ನು ಪಕ್ಕಕ್ಕೆ ಕರೆದು, "ದೇವರು ಬಲ ಕೊಟ್ಟಿದ್ದಾನೆ, ಆದ್ರೂ ಹುಡುಗಿ ಕಣ್ಣು ಸರಿಯಿಲ್ಲ, ಡಾಕ್ಟರಿಗೆ ತೋರಿಸಿ" ಎಂದರು. ಆ ನಾಲ್ಕು ತಿಂಗಳಲ್ಲಿ ನನ್ನ ಕಣ್ಣನ್ನು ನೋಡಿ ಮಾತಾಡಿದ ಮೊದಲಿಗರು ಅವರು. ನಮ್ಮನ್ನು ತಡೆದದ್ದು ದೇವರೂ ಅಲ್ಲ, ಪೂಜೆಯೂ ಅಲ್ಲ. ಮದುವೆಯ ಮಾತು ಬಂದಾಗ ಯಾರಾದರೂ ಎತ್ತಿಯಾರು ಎಂಬ ಭಯ, ಮತ್ತು 'ಬ್ಲೂ' ಆದ ಹುಡುಗಿ ಎಂದು ಮಾಡಿಕೊಂಡ ಹೆಸರು. ಏರಿದ್ದು ಎಷ್ಟು ಎತ್ತರವೋ ಇಳಿಯುವಾಗಿನ ನಾಚಿಕೆಯೂ ಅಷ್ಟೇ.

ಕಾರ್ತಿಕದ ಒಂದು ಬೆಳಗಿನ ಜಾವ ಅಪ್ಪನೂ ನಾನೂ ಬಸ್ಸು ಹತ್ತಿದೆವು. ಅರಬೈಲ್ ಘಟ್ಟ, ಯಲ್ಲಾಪುರ, ಕಲಘಟಗಿ. ಹಿಂದಿನ ವರ್ಷ ಇದೇ ದಾರಿಯಲ್ಲಿ ತಂಡದ ಜೊತೆ ಹಾಡು ಹೇಳುತ್ತ ಹೋಗಿದ್ದೆ. ಅಪ್ಪ ಘಟ್ಟ ಹತ್ತಿ ಮುಗಿಯುವವರೆಗೂ ಮಾತಾಡಲಿಲ್ಲ. ಯಲ್ಲಾಪುರದಲ್ಲಿ ಇಳಿದು ನನಗೆ ಚಹಾ ತಂದುಕೊಟ್ಟು, ತಾನು ಕುಡಿಯದೆ ನಿಂತ. ಆಸ್ಪತ್ರೆಯ ಆವರಣದಲ್ಲಿ ಸಾಲು ಉದ್ದವಿತ್ತು. ಹಾವೇರಿ, ಗದಗ, ಬಾಗಲಕೋಟೆ ಕಡೆಯಿಂದ ಬುತ್ತಿ ಕಟ್ಟಿಕೊಂಡು ಬಂದ ಜನ. ನಾನು ಊಹಿಸಿಕೊಂಡಿದ್ದ ಕೂಗಾಟ, ಸರಪಳಿ ಯಾವುದೂ ಇರಲಿಲ್ಲ. ಸಾಲಿನಲ್ಲಿ ನಮ್ಮ ಪಕ್ಕದ ಊರಿನವರೊಬ್ಬರು ಮಗನ ಜೊತೆ ನಿಂತಿದ್ದರು. ಅಪ್ಪನ ಅಂಗಡಿಯಲ್ಲಿ ವಾರಕ್ಕೊಮ್ಮೆ ಸಾಮಾನು ಒಯ್ಯುವವರು. ಅಪ್ಪನೂ ಅವರೂ ಒಬ್ಬರನ್ನೊಬ್ಬರು ಕಂಡರು. ಆಮೇಲೆ ಇಬ್ಬರೂ ಒಂದೇ ಕ್ಷಣದಲ್ಲಿ ಮುಖವನ್ನು ಬೇರೆ ಬೇರೆ ಗೋಡೆಗಳ ಕಡೆಗೆ ತಿರುಗಿಸಿಕೊಂಡರು. ಎರಡು ತಾಸು ಹಾಗೆಯೇ ನಿಂತಿದ್ದರು. ಮುಂದಿನ ವಾರ ಅವರು ಅಂಗಡಿಗೆ ಬಂದಾಗ ಇಬ್ಬರೂ ಶೇಂಗಾ ಎಣ್ಣೆಯ ದರದ ಬಗ್ಗೆ ಮಾತಾಡಿದರಂತೆ.

ಒಳಗೆ ಕುಳಿತಿದ್ದ ಡಾಕ್ಟರ್ ಮೇಡಂ ನಿದ್ದೆಯ ಬಗ್ಗೆ, ಊಟದ ಬಗ್ಗೆ, ಮುಟ್ಟಿನ ಬಗ್ಗೆ ಕೇಳಿದರು. ಆಮೇಲೆ, ಹೊಟ್ಟೆನೋವು ಇದೆಯೇ ಎಂದು ಕೇಳುವ ದನಿಯಲ್ಲಿಯೇ, ಸತ್ತುಹೋದರೆ ಸಾಕು ಅನ್ನಿಸುತ್ತದೆಯೇ ಎಂದು ಕೇಳಿದರು. ಹೌದು ಎಂದೆ. ಪಕ್ಕದಲ್ಲಿ ಅಪ್ಪ ಕುಳಿತಿದ್ದ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬಂದುಬಿಡುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ ಎಂದು ಮನೋವೈದ್ಯರು ಹೇಳುತ್ತಾರೆ, ನನ್ನ ಅನುಭವವೂ ಅದೇ. ಬಾಯಿಂದ ಹೊರಗೆ ಬಿದ್ದ ಮೇಲೆ ಆ ಯೋಚನೆಯ ಭಾರ ನನ್ನೊಬ್ಬಳದಾಗಿ ಉಳಿಯಲಿಲ್ಲ. ಮಾತ್ರೆ ಬರೆದುಕೊಟ್ಟು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ನಡುವೆ ಬಿಡಬಾರದು ಎಂದರು. ನಾನು ಕೇಳಿದ ಒಂದೇ ಪ್ರಶ್ನೆ, ಇದು ಡೋಪಿಂಗ್ ಆಗುತ್ತದೆಯೇ ಎಂಬುದು. ಅವರು ನಕ್ಕು ಇಲ್ಲವೆಂದರು. ಇವತ್ತಿಗೂ ಮಕ್ಕಳು ನನ್ನನ್ನು ಇದನ್ನೇ ಕೇಳುವುದರಿಂದ ಇಲ್ಲಿ ಬರೆಯುತ್ತೇನೆ: ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿಲ್ಲ. ಎದೆಬಡಿತ ತಗ್ಗಿಸಲು ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳಿಗೆ ಶೂಟಿಂಗ್, ಬಿಲ್ಲುಗಾರಿಕೆಯಂಥ ಕೆಲವು ಆಟಗಳಲ್ಲಿ ನಿಷೇಧವಿದೆ. ನಿಷೇಧಿತ ಔಷಧಿಯೇ ಬೇಕಾದವರಿಗೆ ವೈದ್ಯಕೀಯ ಕಾರಣಕ್ಕೆ ವಿನಾಯಿತಿ ಕೇಳುವ ದಾರಿಯೂ ಇದೆ. ತಾನು ಆಡುತ್ತೇನೆ ಎಂದು ಡಾಕ್ಟರಿಗೆ ಮೊದಲೇ ಹೇಳಿದರೆ ಸಾಕು.

ತಿರುಗಿ ಬಂದ ಮೇಲೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದವರಿಗೆಲ್ಲ ಅಪ್ಪ, "ಧಾರವಾಡಕ್ಕೆ, ಯುನಿವರ್ಸಿಟಿಯಿಂದ ಇವಳ ಸರ್ಟಿಫಿಕೇಟ್ ತರೋದಿತ್ತು" ಎಂದ. ಒಂದು ಧಾರವಾಡವನ್ನು ಇನ್ನೊಂದು ಧಾರವಾಡದಿಂದ ಮುಚ್ಚಿದ. ಆಯಿ ಮಾತ್ರೆಗಳನ್ನು ಹಳೆಯ ಕ್ಯಾಲ್ಸಿಯಂ ಡಬ್ಬಿಗೆ ತುಂಬಿಸಿಟ್ಟಳು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಸುಳ್ಳು ಹೇಳುತ್ತಲೇ ಅಪ್ಪ ಹತ್ತು ತಿಂಗಳು, ಪ್ರತಿ ತಿಂಗಳೂ ಅಂಗಡಿ ಮುಚ್ಚಿ ನನ್ನ ಜೊತೆ ಬಂದ. ಮೂರನೆಯ ವರ್ಷ ನಾನು ಮತ್ತೆ ಓಡಿದೆ. 2 ನಿಮಿಷ 31 ಸೆಕೆಂಡ್. ಆಯ್ಕೆಯಾಗಲಿಲ್ಲ. ಆದರೆ ಕೊನೆಯ ಗೆರೆಯವರೆಗೆ ಓಡಿದೆ, ರಾತ್ರಿ ನಿದ್ದೆ ಮಾಡಿದೆ.

ಆಗ ನಮ್ಮ ಮುಂದೆ ಇದನ್ನು ಬಾಯಿಬಿಟ್ಟು ಹೇಳಿದ ಆಟಗಾರರ ಉದಾಹರಣೆ ಇರಲಿಲ್ಲ. ನಮ್ಮದೇ ರಾಜ್ಯಕ್ಕೆ ಆಡಿದ, 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದ ರಾಬಿನ್ ಉತ್ತಪ್ಪ, 2009ರಿಂದ 2011ರವರೆಗೆ ಖಿನ್ನತೆಯೊಡನೆ ದಿನ ದೂಡಿದ್ದನ್ನು, ಆಟವಿಲ್ಲದ ದಿನಗಳೇ ಹೆಚ್ಚು ಕಠಿಣವಾಗಿದ್ದುದನ್ನು ಹೇಳಿಕೊಂಡದ್ದು 2020ರಲ್ಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಗೆಲುವಿನ ನಂತರವೇ ತಾನು ಕುಸಿದೆ ಎಂದರು. ಸೋತವರಿಗೆ ಬರುವ ಕಾಯಿಲೆ ಇದು ಎಂದುಕೊಂಡಿರುವವರು ಆ ಮಾತನ್ನು ಒಮ್ಮೆ ಕೇಳಬೇಕು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ತಂಡ ಫೈನಲ್ಲಿನ ನಡುವೆಯೇ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಹಿಂದೆ ಸರಿದದ್ದನ್ನು ನಾನು ಟಿ.ವಿ.ಯಲ್ಲಿ ನೋಡುತ್ತಿದ್ದೆ. ಗಾಳಿಯಲ್ಲಿ ತಿರುಗುವಾಗ ನೆಲ ಎಲ್ಲಿದೆ ಎಂಬ ಅರಿವೇ ತಪ್ಪುತ್ತಿದೆ ಎಂದು ಅವರು ಹೇಳಿದರು, ಜಗತ್ತಿನ ಅರ್ಧ ಜನ ಹೇಡಿ ಎಂದರು, 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ಆ ದಿನ ನನಗೆ ನೆನಪಾದದ್ದು ಮಾಲಾದೇವಿ ಮೈದಾನದ ಸುಣ್ಣದ ಗೆರೆ. ಆದರೂ ಒಂದು ಮಾತು ಹೇಳಲೇಬೇಕು. ಇವರೆಲ್ಲ ಗೆದ್ದು ಹೆಸರಾದ ಮೇಲೆ ಹೇಳಿದವರು. ಹಳಿಯಾಳದ ಕುಸ್ತಿಯ ಹುಡುಗನಿಗೆ, ಶಿರಸಿಯ ಖೋ ಖೋ ಹುಡುಗಿಗೆ ಹೇಳುವ ಧೈರ್ಯ ಬರುವುದು ದೊಡ್ಡವರ ಮಾತಿನಿಂದಲ್ಲ. ಹೇಳಿದ ಮರುದಿನ ತಂಡದ ಪಟ್ಟಿಯಲ್ಲಿ ತನ್ನ ಹೆಸರು ಉಳಿದಿದೆಯೋ ಇಲ್ಲವೋ ಎಂಬುದರಿಂದ.

ನಾನೀಗ ಕರಾವಳಿಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ನನ್ನ ಮೇಜಿನ ಮೇಲೆ ಒಂದು ಹಾಜರಿ ಪುಸ್ತಕವಿದೆ. ಪ್ರಾಕ್ಟೀಸಿಗೆ ಬಾರದವರ ಹೆಸರಿನ ಮುಂದೆ ಕಾರಣ ಬರೆಯಲು ಒಂದು ಅಂಕಣ. ಹಿಂದಿನ ವರ್ಷಗಳ ಪುಟ ತಿರುವಿದರೆ ಮೊಣಕಾಲು, ಪಾದದ ಉಳುಕು, ಜ್ವರ, ಮನೆಯಲ್ಲಿ ಕಾರ್ಯ, ಮತ್ತೆ ಮೊಣಕಾಲು. ಮನಸ್ಸಿನ ಕಾರಣಕ್ಕೆ ಒಬ್ಬರೂ ಗೈರುಹಾಜರಾಗಿಲ್ಲ. ಇದ್ದವರೆಲ್ಲ ಮೊಣಕಾಲಿನ ಹೆಸರಿನಲ್ಲಿಯೇ ಇದ್ದಾರೆ ಎಂದು ನನ್ನ ಅನುಮಾನ.

ಕಳೆದ ವರ್ಷ ನಮ್ಮ ಕಬಡ್ಡಿ ತಂಡದ ಒಳ್ಳೆಯ ರೇಡರ್ ಒಬ್ಬನ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿಯಿತು. ಆಪರೇಷನ್ ಆದ ಮೇಲೆ ಪೂರ್ತಿ ಆಟಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಮೊದಲ ತಿಂಗಳು ಇಡೀ ತಂಡ ಅವನ ಮನೆಗೆ ಹೋಯಿತು. ಮೂರನೆಯ ತಿಂಗಳಿಗೆ ಯಾರೂ ಹೋಗಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಅವನೇ ನನ್ನ ಕೋಣೆಗೆ ಬಂದು, ಎಂ.ಆರ್.ಐ. ಇದ್ದ ದೊಡ್ಡ ಕವರನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಕೇಳಿದ: "ಮೇಡಂ, ಮೊಣಕಾಲಿಗೆ ರಿಪೋರ್ಟ್ ಸಿಗ್ತದೆ. ಇದಕ್ಕೆ ಎಂತ ತೋರಿಸ್ಲಿ?" 'ಇದು' ಎಂದರೆ ಏನೆಂದು ನಾನು ಕೇಳಬೇಕಾಗಲಿಲ್ಲ. ನಿದ್ದೆಯ ಬಗ್ಗೆ ಕೇಳಿದೆ, ಊಟದ ಬಗ್ಗೆ ಕೇಳಿದೆ, ಆಮೇಲೆ ಅದೇ ದನಿಯಲ್ಲಿ ಮೂರನೆಯದನ್ನೂ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಇಲ್ಲವೆಂದ, ಆದರೆ ಅಳಲು ಶುರುಮಾಡಿದ. ಆರಡಿ ಎತ್ತರದ ಹುಡುಗ.

ನನ್ನ ಕಾಲಕ್ಕಿಂತ ಈಗ ದಾರಿ ಹತ್ತಿರವಾಗಿದೆ. ರಾಜ್ಯದಲ್ಲಿ 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡಿಲ್ಲ. ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಅವನ ಮುಂದೆಯೇ ನನ್ನ ಫೋನಿನಿಂದ ಆ ಸಂಖ್ಯೆಗೆ ಕರೆ ಮಾಡಿ, ಫೋನು ಅವನ ಕೈಗೆ ಕೊಟ್ಟು ಹೊರಗೆ ಹೋಗಿ ಕುಳಿತೆ. ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಸಭಾಂಗಣ ತುಂಬಿಸಿ ಪ್ರೇರಣಾ ಭಾಷಣ ಮಾಡಿಸುವುದಕ್ಕಿಂತ ಈ ಹತ್ತು ನಿಮಿಷ ಹೆಚ್ಚು ಉಪಯೋಗದ್ದು ಎಂದು ನಾನು ನಂಬಿದ್ದೇನೆ. ಎಲ್ಲಾ ನಿಮ್ಮ ಕೈಯಲ್ಲಿದೆ ಎಂದು ಕೂಗಿ ಹೇಳುವ ಆ ಭಾಷಣಗಳನ್ನು ಕೇಳಿ, ಲೇಸಿನ ತುದಿಯನ್ನೂ ಎತ್ತಲಾಗದೆ ಕುಳಿತವರು ಇನ್ನಷ್ಟು ಕುಗ್ಗುತ್ತಾರೆ.

ಅವನ ತಂದೆ ಒಪ್ಪಲಿಲ್ಲ. ಮೊಣಕಾಲಿಗೆ ಒಡವೆ ಅಡವಿಟ್ಟ ಮನುಷ್ಯ, ಇದಕ್ಕೆ ಬಸ್ ಚಾರ್ಜು ಕೊಡಲೂ ಹಿಂಜರಿದರು. ನಾನು ನನ್ನ ಅಪ್ಪನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅಪ್ಪನಿಗೆ ಈಗ ಎಪ್ಪತ್ತರ ಹತ್ತಿರ, ಹೆಚ್ಚು ಮಾತಿಲ್ಲ. ಜಗುಲಿಯಲ್ಲಿ ಕುಳಿತು ಅವರು ಕೊಟ್ಟ ಬೆಲ್ಲ, ನೀರು ತೆಗೆದುಕೊಂಡು, "ನಾನು ಇವಳನ್ನ ಹತ್ತು ತಿಂಗಳು ಧಾರವಾಡಕ್ಕೆ ಕರ್ಕೊಂಡು ಹೋಗಿದ್ದೆ" ಎಂದ. "ಯುನಿವರ್ಸಿಟಿಗಾ?" ಎಂದು ಅವರು ಕೇಳಿದರು. "ಅಲ್ಲ, ಆಸ್ಪತ್ರೆಗೆ" ಎಂದ ಅಪ್ಪ. ಹನ್ನೊಂದು ವರ್ಷಗಳ ನಂತರ ಆ ಮಾತು ಮನೆಯ ಹೊರಗಿನವರೆದುರು ಅಪ್ಪನ ಬಾಯಿಂದ ಮೊದಲ ಸಲ ಬಂದದ್ದನ್ನು ನಾನು ಕೇಳಿದೆ.

ಹುಡುಗ ಈಗ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರುತ್ತಾನೆ. ಇನ್ನೂ ಆಡುವುದಿಲ್ಲ, ಸಂಜೆ ಮೈದಾನಕ್ಕೆ ಬಂದು ಅಂಕ ಬರೆಯುತ್ತಾನೆ, ಚಿಕ್ಕ ಹುಡುಗರಿಗೆ ಕಾಲು ಹಿಡಿಯುವ ಪಟ್ಟು ಹೇಳಿಕೊಡುತ್ತಾನೆ. ಶುರುವಿನಲ್ಲಿ ಹಾಜರಿ ಪುಸ್ತಕದಲ್ಲಿ ಕಾರಣ ಏನು ಬರೆಯಲಿ ಎಂದು ಕೇಳಿದಾಗ, "ಮೊಣಕಾಲು ಅಂತ ಬರೀರಿ ಮೇಡಂ" ಎಂದಿದ್ದ, ಹಾಗೆಯೇ ಬರೆದೆ. ಕಳೆದ ಮಂಗಳವಾರ ಪೆನ್ನು ಹಿಡಿದು ಅವನ ಮುಖ ನೋಡಿದೆ. "ಆಸ್ಪತ್ರೆ ಅಂತ ಬರೀರಿ" ಎಂದು ಹೇಳಿ, ಅಂಕದ ಹಾಳೆ ತೆಗೆದುಕೊಂಡು ಮೈದಾನಕ್ಕೆ ಇಳಿದು ಹೋದ.